ಮಂಗಳವಾರದ ಕಸ

ರೀಗಾದಲ್ಲಿ ಹನ್ನೊಂದನೇ ನಂಬರಿನ ಟ್ರಾಮ್ ಓಡಿಸುತ್ತೇನೆ,
ಅಡುಗೆಮನೆ ಕಿಟಕಿಯಲ್ಲಿ ಸೈಕ್ಲಮೆನ್ ಸಾಕುತ್ತೇನೆ.
ಚಳಿಗಾಲವೆಲ್ಲ ಹೂ,
ಕಿವಿ ಹಿಂದಕ್ಕೊತ್ತಿಕೊಂಡ ಮೊಲದ ಹಾಗೆ.
ಮೇ ಬಂತೋ, ಎಲೆ ಹಳದಿ, ದಂಟು ಮೆತ್ತಗೆ.
ಇನ್ನಷ್ಟು ನೀರು ಹೊಯ್ದೆ. ಗೊಬ್ಬರ ಹಾಕಿದೆ. ಗದರಿದೆ.
ಕೊನೆಗೆ ಕಸದ ಬುಟ್ಟಿ.
ಹೀಗೆ ಮೂರು ವರ್ಷ, ಮೂರು ಗಡ್ಡೆ.

ಫೆಬ್ರವರಿಯ ರಜೆಗೆ ಸೈಪ್ರಸ್.
ಬಸ್ಸು ಕೆಟ್ಟು ನಿಂತಲ್ಲಿ
ಕುರಿದೊಡ್ಡಿಯ ಕಲ್ಲುಗೋಡೆ,
ಸಂದಿಸಂದಿಗೂ ಅದೇ ಹೂ!
ಬೊಗಸೆ ಮಣ್ಣೂ ಇಲ್ಲ.
ಬೇಸಿಗೆಯಲ್ಲಿ ಯಾರು ನೀರೆರೆಯುತ್ತಾರೆ, ಕೇಳಿದೆ.
ದೊಡ್ಡಿಯ ಮುದುಕ ಲೋಯಿಜೋಸ್ ನಕ್ಕ:
"ಎಲೆ ಉದುರಿಸಿ ಮಲಗಿಬಿಡುತ್ತೆ ಅದು.
ಮಲಗಿದವರ ಬಾಯಿಗೆ ನೀರು ಹೊಯ್ಯೋದುಂಟೇ?"

ಬಸ್ಸು ಹೊರಟಿತು. ಎಲ್ಲರ ಕೈಯಲ್ಲೂ ಹೂವಿನ ಫೋಟೋ.
ನನ್ನ ಕಣ್ಣಲ್ಲಿ
ನಮ್ಮ ಬೀದಿಯ ಮಂಗಳವಾರದ ಲಾರಿ,
ಅದರೊಳಗೆ
ಗಾಢ ನಿದ್ದೆಯಲ್ಲಿ ಮೂವರು.