ಉಪ್ಪಿನ ಪಕ್ಷ

ಅಪ್ಪ ಉಪ್ಪಿನ ಪಕ್ಷದವನು.
ತಕುವಾರೆಂಬೊದ ಈ ಬಯಲಲ್ಲಿ ಗಂಡಸರೆಲ್ಲ ಅದೇ ಪಕ್ಷ:
ಕೆಂಡ, ಕಬ್ಬಿಣ, ಕಲ್ಲುಪ್ಪು. ಮುಗಿಯಿತು.
ಅದರ ಮೇಲೊಂದು ಚಿಟಿಕೆ ಬಿದ್ದರೂ
ಸತ್ತ ಹೋರಿಗೆ ಅವಮಾನವಂತೆ.
‘ಉಪ್ಪಿಗಿಂತ ರುಚಿಯಿಲ್ಲ’ ಅನ್ನುವನು ಪ್ರತಿ ಭಾನುವಾರ
ಚಾಕು ಮಸೆಯುತ್ತ.
ಗಾದೆಯ ಉಳಿದರ್ಧ ಅವನ ಬಾಯಲ್ಲಿ
ನಾನಂತೂ ಕೇಳಿಲ್ಲ.
ಅಮ್ಮ ನೆನಪಿಸಿದವಳೂ ಅಲ್ಲ.
ಲೆಟ್ಯೂಸ್ ತೊಳೆದಳು, ಈರುಳ್ಳಿ ಹೆಚ್ಚಿದಳು,
ಮೂವತ್ತೊಂದು ವರ್ಷ.

ಜೂನ್ ತಿಂಗಳ ಇಬ್ಬನಿಯಲ್ಲಿ
ಕುದುರೆ ಅವನನ್ನು ಕೆಡವಿತು.
ಬಲಗೈಗೆ ಭುಜದವರೆಗೂ ಪ್ಲಾಸ್ಟರು.
ಮೊದಲ ಭಾನುವಾರ ಬ್ರೆಡ್ಡು, ಚೀಸು, ಮೌನ.
ಎರಡನೆಯ ಭಾನುವಾರ ಅಮ್ಮ ಸ್ಟೂಲು ಹತ್ತಿ
ಹಳೆಯ ಬೂಟುಗಳ ಹಿಂದಿನಿಂದ ಇಳಿಸಿದಳು
ಮೊಣಕೈಯುದ್ದದ ಒಂದು ಹಿತ್ತಾಳೆ ಕೊಳವೆ.

ಅವಳಜ್ಜಿ ವರ್ದೆ ಲೆಬನಾನಿನಿಂದ
ಹಡಗಿನಲ್ಲಿ ಮಡಿಲಲ್ಲಿಟ್ಟು ತಂದದ್ದು,
ಕಾಫಿ ಬೀಸಲು;
ಕಾಫಿಗೆ ಕಾಸಿಲ್ಲದ ವರ್ಷಗಳಲ್ಲಿ ಮೆಣಸು ಬೀಸಲು.
ಹಿಡಿಕೆ ತಿರುಗಿಸಿದರೆ ಕಿರ್ರ್ ಅಂತ
ಎರಡು ಪೀಳಿಗೆಯ ತುಕ್ಕು ಮಾತಾಡಿತು.

ಕೊತ್ತಂಬರಿ ಬೀಜ ಹುರಿದಾಗ ನಾಯಿ ಎದ್ದು ಕೂತಿತು.
ಜೀರಿಗೆಗೆ ಕಿಟಕಿ ಮಂಜು ಹಿಡಿಯಿತು.
ಮೆಣಸು, ನಾಲ್ಕು ಲವಂಗ, ಬೆರಳುಗುರಿನಷ್ಟು ಚಕ್ಕೆ,
ಜಾಯಿಕಾಯಿ ತೇಯ್ದದ್ದು ಇಷ್ಟೇ ಇಷ್ಟು –
ಅಳತೆ ಎಲ್ಲಿ ಬರೆದಿದೆ ಅಂತ ಕೇಳಿದೆ.
ಮೂಗು ಮುಟ್ಟಿಕೊಂಡಳು.
ಎಣ್ಣೆ ಸವರಿ, ಪುಡಿ ಒತ್ತಿ,
ಎಳೆಗೂಸಿನ ಬೆನ್ನು ತಟ್ಟುವ ಹಾಗೆ ತಟ್ಟಿ
ಒಂದು ತಾಸು ಮಾಂಸವನ್ನು
ಅದರ ಪಾಡಿಗೆ ಬಿಟ್ಟಳು.

ಅಪ್ಪ ಕುರ್ಚಿಯಿಂದಲೇ ಕೂಗಿದ:
ಸೌದೆ ಅಡ್ಡ ಇಡು! ಜ್ವಾಲೆ ಇಳಿಯಲಿ! ಬೇಡ, ಈಗಲ್ಲ!
ಅಮ್ಮ ಸರಳುಗಳ ಮೇಲೆ ಅಂಗೈ ಚಾಚಿ
ಮನಸ್ಸಲ್ಲೇ ಎಣಿಸಿದಳು.
ಐದಕ್ಕೆ ಹಿಂದೆಗೆದಳು.
ಅವನು ಎಣಿಸುವುದೂ ಐದಕ್ಕೇ.
ಕೂಗು ಅಲ್ಲಿಗೆ ನಿಂತಿತು.

ಚುರ್ ಅಂದದ್ದು ಕೊಬ್ಬು.
ಆಮೇಲೆ ಬಂದದ್ದಕ್ಕೆ ನಮ್ಮೂರಲ್ಲಿ ಹೆಸರಿಲ್ಲ.
ಬೇಲಿಯಾಚೆಯಿಂದ ಸೆಗುಂದೊ ಇಣುಕಿದ:
‘ಏನೋ ಎವಾರಿಸ್ತೊ, ಮದುವೆಯೇನೋ ಮನೆಯಲ್ಲಿ?’
ಅಪ್ಪ ಬೈದ. ಬೈಗುಳದ ನಡುವೆ
ಒಮ್ಮೆ ಉಸಿರೆಳೆದುಕೊಂಡದ್ದು
ಅಗತ್ಯಕ್ಕಿಂತ ತುಸು ಉದ್ದವಿತ್ತು.

ತಟ್ಟೆಗೆ ಬಂದಾಗ ಹೊರಗೆ ಕರಿ, ಒಳಗೆ ದಾಸವಾಳ.
ಕತ್ತರಿಸಿ ಕೊಡಬೇಕಾಯಿತು ಅವನಿಗೆ, ಮಗುವಿಗೆ ಕೊಟ್ಟಂತೆ.
ತಿಂದ. ಏನೂ ಅನ್ನಲಿಲ್ಲ.
ಅಮ್ಮ ಏನೂ ಕೇಳಲಿಲ್ಲ.
ನಾನು ಪಾತ್ರೆಗೆಂದು ಒಳಹೋಗಿ ತಿರುಗಿ ನೋಡಿದರೆ
ಎಡಗೈಯಲ್ಲಿ, ತಪ್ಪು ತಪ್ಪಾಗಿ,
ಬ್ರೆಡ್ಡಿನ ಚೂರಿನಿಂದ ತಟ್ಟೆಯ ಅಂಚಿನ ಪುಡಿ
ಒರೆಸುತ್ತಿದ್ದ.

ಆಗಸ್ಟಿನಲ್ಲಿ ಪ್ಲಾಸ್ಟರು ಬಿಚ್ಚಿದರು.
ಕೈ ಬೇರೆ ಯಾರದ್ದೋ ಅನ್ನುವಂತೆ ಸಣ್ಣಗಾಗಿತ್ತು.
ಭಾನುವಾರ ಅವನೇ ಬೆಂಕಿ ಹಾಕಿದ,
ಅವನೇ ಐದು ಎಣಿಸಿದ,
ಸಾಲಾಗಿ ಮಾಂಸ ಹರಡಿ ಉಪ್ಪು ಎರಚುತ್ತ ಬಂದವನು
ಕೊನೆಯ ದಪ್ಪ ತುಂಡಿನ ಹತ್ತಿರ ಕೈ ತಡೆದ.

‘ಉಪ್ಪು ಮುಗಿಯಿತು’ ಅಂದ,
ಯಾರ ಕಡೆಗೂ ನೋಡದೆ.

ಎರಡು ಕಿಲೋ ಚೀಲ ಅವನ ಕಾಲ ಬಳಿಯೇ
ಬಾಯಿ ತೆರೆದುಕೊಂಡು ಕೂತಿತ್ತು.
ಅಮ್ಮ ಲೆಟ್ಯೂಸನ್ನು ನನ್ನ ಕೈಗಿತ್ತು
ಸ್ಟೂಲು ಎಳೆದಳು.