ಅರ್ಧ ಇಂಚು

ರಾತ್ರಿ ಹನ್ನೊಂದು ನಲವತ್ತಕ್ಕೆ ಫೋನು.
ಅರಸೀಕೆರೆ ಜಂಕ್ಷನ್ನಿನಲ್ಲಿ ಗೂಡ್ಸು ಗಾಡಿಯ ಶಂಟಿಂಗು,
ಆ ಗದ್ದಲದಲ್ಲಿ ಕೇಳಿದ್ದು ಅರ್ಧವೇ:
‘ಅಕ್ಕಾ, ನಿಮ್ಮ ಹೆಸರು... ಮೇಲಿನವರು... ಬೇಜಾರು ಮಾಡ್ಕೋಬೇಡಿ.’
ಉಳಿದರ್ಧ ಬೇಕಿರಲಿಲ್ಲ.
ಇಪ್ಪತ್ತಾರು ವರ್ಷ ಬಟ್ಟೆ ಕತ್ತರಿಸಿದವಳು ನಾನು,
ಕತ್ತರಿ ಎಲ್ಲಿ ತಿರುಗಿತೆಂದು
ಸದ್ದಿನಲ್ಲೇ ಗೊತ್ತಾಗುತ್ತದೆ.

ಹದಿನೇಳನೇ ವಾರ್ಡು, ದೇವೀರಮ್ಮ,
ಹಿಂದುಳಿದ ವರ್ಗ ಎ, ಮಹಿಳೆ.
ಮೀಸಲಾತಿ ಪಟ್ಟಿ ಬಂದ ದಿನ
ಕೊಬ್ಬರಿ ಮಂಡಿಯಿಂದ ರೈಲ್ವೆ ಗೇಟಿನವರೆಗೆ
ಕೈ ಮುಗಿಯದವರಿಲ್ಲ.
ಗೇಟಿನ ಗುರುಶಾಂತನಂತೂ
ರೈಲು ಹೋದ ಮೇಲೂ ಮುಗಿದ ಕೈ ಇಳಿಸದೆ
ಬೈಕಿನವರಿಂದ ಬೈಸಿಕೊಂಡ.

ಆಮೇಲೆ ನಾಲ್ಕು ದಿನ ಮೂಡಿಗೆರೆ ಕಡೆ ರೆಸಾರ್ಟು.
ಫೋನುಗಳೆಲ್ಲ ಒಂದು ಬುಟ್ಟಿಯಲ್ಲಿ, ನಾವು ಇನ್ನೊಂದರಲ್ಲಿ.
ಈಜುಕೊಳದ ಪಕ್ಕ ವಿಶಾಲಾಕ್ಷಿಯ ತೋಳಿನ ಹೊಲಿಗೆ ಬಿಟ್ಟಾಗ
ಸೂಜಿ ದಾರ ಇದ್ದದ್ದು ನನ್ನ ಚೀಲದಲ್ಲಿ ಮಾತ್ರ.
ಪಕ್ಷೇತರಳಾಗಿ ಗೆದ್ದವಳು,
ನಮ್ಮ ಶಾಲು ಹೊದ್ದು ಹನ್ನೊಂದು ದಿನ.
ಗಂಡನದು ರಸ್ತೆ ಕಂಟ್ರಾಕ್ಟು.
ಒಳ್ಳೆಯ ಹೆಂಗಸು, ಸುಳ್ಳು ಹೇಳಬಾರದು,
ತನ್ನ ಪಾಲಿನ ಮೈಸೂರುಪಾಕು ನನ್ನ ಎಲೆಗೇ ಹಾಕಿದಳು.

ಸಂಜೆ ತಂದು ಸ್ಟೇಷನ್ನಿನೆದುರು ಲಾಡ್ಜಿನಲ್ಲಿ ಇಳಿಸಿದರು,
ಫೋನು ವಾಪಸು ಕೊಟ್ಟರು,
ಅವಳಿಗೂ ನನಗೂ ಒಂದೇ ಕೋಣೆ.
ನನಗಿಂತ ಐದು ನಿಮಿಷ ಮೊದಲು ಅವಳಿಗೆ ಫೋನು ಬಂದಿತ್ತು,
ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಮಾತಾಡಿದಳು.
ಆಗ ನನಗೆ ಅನಿಸಿದ್ದು ಇಷ್ಟೇ:
ಅಯ್ಯೋ, ಎಷ್ಟು ನೀರು ಪೋಲು.
ನಮ್ಮ ಬೀದಿಗೆ ಬಿಡುವುದು ಎಂಟು ದಿನಕ್ಕೊಮ್ಮೆ.

ಬೆಳಿಗ್ಗೆ ತಾಲ್ಲೂಕು ಅಧ್ಯಕ್ಷರು ಇಡ್ಲಿ ಮುರಿಯುತ್ತ,
‘ಸೂಚಕರ ಸಹಿ ನಿಮ್ಮದೇ ಇರಲಿ. ಒಗ್ಗಟ್ಟು ಕಾಣಬೇಕಲ್ಲ.’
ವಿಪ್ಪಿನ ಕಾಗದ ನನ್ನ ಕೈಗೂ ಒಂದು ಕೊಟ್ಟರು.
ಹೊಸದಾಗಿ ಟೈಪು ಮಾಡಲು ಯಾರಿಗೂ ಪುರುಸೊತ್ತಿರಲಿಲ್ಲ,
ನನ್ನ ಹೆಸರಿಗೆ ಬಿಳಿ ಬಳಿದು ಅದರ ಮೇಲೆ ಅವಳದು.
ಕಿಟಕಿ ಬೆಳಕಿಗೆ ಹಿಡಿದೆ. ದೇ. ವೀ. ಆಮೇಲೆ ಅರ್ಧ ರ.
ಬಿಚ್ಚಿದ ಹೊಲಿಗೆಯ ತೂತೂ ಹೀಗೇ,
ಇಸ್ತ್ರಿಗೆ ಬಗ್ಗುವುದಿಲ್ಲ.

ಸಹಿ ಹಾಕಿದೆ.
ಹಾಕಿದಳು ಅಂತಲೇ ಬರೆದುಕೊಳ್ಳಿ,
ಅತ್ತಳು ಅಂತ ಬರೆಯಬೇಡಿ.

ಉಪವಿಭಾಗಾಧಿಕಾರಿ ಮೈಕು ತಟ್ಟಿ ಕೇಳಿದರು,
ಪರ ಇರುವವರು ಕೈ ಎತ್ತಿ.
ಆ ದಿನಕ್ಕೆಂದೇ ಹೊಲಿದುಕೊಂಡ
ಗಿಣಿಹಸಿರು ರವಿಕೆ ತೊಟ್ಟಿದ್ದೆ.
ಎತ್ತಿದೆ.
ಎಲ್ಲೂ ಹಿಡಿಯಲಿಲ್ಲ, ಸೀಳಲಿಲ್ಲ.
ಕಂಕುಳಲ್ಲಿ ಅರ್ಧ ಇಂಚು ಹೆಚ್ಚು ಬಿಡುವುದು ನನ್ನ ರೂಢಿ,
ಬಸ್ಸಿನ ಕಂಬಿ ಹಿಡಿಯುವವರಿಗೆ,
ಅಟ್ಟದ ಡಬ್ಬ ಇಳಿಸುವವರಿಗೆ.
ಕುರ್ಚಿಯಲ್ಲಿ ಕೂರುವವರಿಗೆ ಅದು ಬೇಕಾಗುವುದಿಲ್ಲ.

ಹಾರ ನನ್ನ ಎತ್ತರಕ್ಕೆ ಕಟ್ಟಿಸಿದ್ದು,
ಅವಳ ಮೊಣಕಾಲಿಗೆ ಬಡಿಯುತ್ತಿತ್ತು.
ಎತ್ತಿ ಹಿಡಿಯಲು ಹೋದೆ,
ಫೋಟೋದವನು ಪಕ್ಕಕ್ಕೆ ಸರಿಯಿರಿ ಅಂದ.

ಸಂಜೆ ಬೀದಿಯ ತಿರುವಿನಲ್ಲಿ
ಹಸೀನಾಬಿ ಖಾಲಿ ಕೊಡದ ಜೊತೆ ಕೂತಿದ್ದಳು.
‘ಅಧ್ಯಕ್ಷ್ರೇ, ನೀರು ಯಾವತ್ತು?’
ಅವಳಿಗೆ ಸುದ್ದಿ ತಲುಪಿರಲಿಲ್ಲ.
‘ಗುರುವಾರ’ ಅಂದೆ.
ವಾಲ್ವು ತಿರುಗಿಸುವ ಓಂಕಾರಪ್ಪನಿಗೆ ಫೋನು ಹಚ್ಚಿದೆ.
ಅವನಿಗೆ ಸುದ್ದಿ ತಲುಪಿತ್ತು.
ಎತ್ತಲಿಲ್ಲ.