ಕಾಲ್‌ಬಾಯ್

ಹುದ್ದೆಯ ಹೆಸರು ಕಾಲ್‌ಬಾಯ್.
ಐವತ್ತೆಂಟಕ್ಕೆ ರಿಟೈರಾದ ದಿನವೂ ನಾನು ಬಾಯೇ.
ಕೆಲಸ ಇಷ್ಟೆ:
ಪುಣೆಯ ಗಾಡಿ ಅರಸೀಕೆರೆ ಮುಟ್ಟುವ ಎರಡು ತಾಸು ಮುಂಚೆ
ಲಾಟೀನು, ಕಾಲ್‌ಬುಕ್ಕು, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು.
ಕಾಲೊನಿಯ ಬಾಗಿಲು ಬಡಿದು, ಇಲ್ಲಿಂದ ಮುಂದಕ್ಕೆ
ಗಾಡಿ ಒಯ್ಯುವವರನ್ನು ಎಬ್ಬಿಸುವುದು,
ಎದ್ದಿದ್ದಕ್ಕೆ ಟೈಮು ಹಾಕಿ ರುಜು ಪಡೆಯುವುದು.

ಮೊನ್ನೆ ಒಬ್ಬ ಹುಡುಗ ಬಂದಿದ್ದ,
ಆ ಗಾಡಿಯ ಚರಿತ್ರೆ ಬರೀತೀನಿ ಅಂತ.
ಯಾವ ಇಸವಿ, ಎಷ್ಟು ಬೋಗಿ, ಎಂಥ ಎಂಜಿನ್ನು ಅಂದ.
ಎಂಜಿನ್ನು ಗೊತ್ತಿಲ್ಲಪ್ಪ,
ಬಾಗಿಲು ಗೊತ್ತು ಅಂದೆ.

ಡ್ರೈವರ್ ಡಿಕ್ರೂಜರ ಬಾಗಿಲಿಗೆ ಎರಡೇ ಬಡಿತ.
ಮೂರನೆಯದು ಬಿದ್ದರೆ ಒಳಗಿಂದ ಬೂಟು ಬರುತ್ತಿತ್ತು.
ಗಾರ್ಡ್ ಬುಡನ್ ಸಾಬರು ನನಗಿಂತ ಮೊದಲೇ ಎದ್ದು
ವುಜೂ ಮುಗಿಸಿ, ತಮ್ಮ ಕಬ್ಬಿಣದ ಪೆಟ್ಟಿಗೆ ಮೇಲೆ ಕೂತು
ತಡ ಮಾಡಿದವನು ನಾನೇ ಎಂಬಂತೆ ನೋಡುತ್ತಿದ್ದರು.
ಫೈರ್‌ಮನ್ ಮುನಿರತ್ನಂ ಮಲಗುತ್ತಿದ್ದುದು ಜಗಲಿಯಲ್ಲಿ,
ಕಾಲಿನ ಹೆಬ್ಬೆರಳು ಹಿಡಿದು ಅಲುಗಿಸಬೇಕು.
ರುಜು ಬಾರದು. ಹೆಬ್ಬೆಟ್ಟಿಗೆ ಮಸಿಯೂ ಬೇಡ,
ಹಿಂದಿನ ಪಾಳಿಯ ಕಲ್ಲಿದ್ದಲೇ ಸಾಕು.

ಹಾಲಪ್ಪನ ಮನೆಯಲ್ಲಿ ಒಂದು ರಾತ್ರಿ
ನಾನು ಬಡಿಯುವಾಗ ಒಳಗೆ ಹೆಂಗಸಿನ ನರಳಾಟ.
ಬಾಗಿಲು ತೆರೆದ. ನನ್ನನ್ನು ನೋಡಿದ, ಪುಸ್ತಕ ನೋಡಿದ.
ಬೇಡ ಅಂತ ನಾನು ಹೇಳಬಹುದಿತ್ತು.
ಲಾಟೀನು ಎತ್ತಿ ಹಿಡಿದೆ.
ಅವನ ರುಜು ಎರಡು ಗೆರೆ ದಾಟಿ ಕೆಳಗಿಳಿಯಿತು.
ಗಾಡಿ ಬೀರೂರು ಬಿಡುವಷ್ಟರಲ್ಲಿ ಹೆಣ್ಣು ಮಗು.
ಸ್ಟೇಷನ್ ಮಾಸ್ಟರು ಕಂಟ್ರೋಲ್ ಫೋನಿನಲ್ಲಿ
ಗೂಡ್ಸ್ ಗಾಡಿಗಳ ಲೆಕ್ಕದ ನಡುವೆ ಸುದ್ದಿ ತೂರಿಸಿದರು.
ಚಿಕ್ಕಜಾಜೂರಲ್ಲಿ ಮುಟ್ಟಿತಂತೆ.
ಅಲ್ಲಿಂದ ಹರಿಹರದವರೆಗೂ ಸೀಟಿಯೋ ಸೀಟಿ,
ಮಲಗಿದ್ದ ಊರುಗಳೆಲ್ಲ ಬೈದುಕೊಂಡವಂತೆ.

ಉಗಿ ಹೋಗಿ ಡೀಸೆಲ್ ಬಂದದ್ದು ಯಾವಾಗ?
ತಾರೀಖು ನೆನಪಿಲ್ಲ.
ಪುಸ್ತಕದಲ್ಲಿ ಮುನಿರತ್ನಂ ಹೆಸರು ಇಲ್ಲವಾದಾಗ.
ಅವನನ್ನು ಶೆಡ್ಡಿನಲ್ಲಿ ಕಸ ಬಳಿಯಲು ಹಾಕಿದ್ದರು.
ಆದರೂ ಒಂದು ರಾತ್ರಿ ಕಾಲು ತನ್ನಷ್ಟಕ್ಕೇ ಹೋಗಿ,
ಕೈ ತನ್ನಷ್ಟಕ್ಕೇ ಹೆಬ್ಬೆರಳು ಹಿಡಿಯಿತು.
ಎದ್ದು ಕೂತ. ಟವೆಲು ಕೊಡವಿ ತಲೆಗೆ ಸುತ್ತಿದ.
ಆಮೇಲೆ ಇಬ್ಬರಿಗೂ ನೆನಪಾಯಿತು.
ಏನೂ ಮಾತಾಡದೆ ಒಂದೊಂದು ಬೀಡಿ ಹಚ್ಚಿದೆವು.

ಮುಂದೆ ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಸಿದರು.
ಲಾಟೀನು ಹೋಗಿ ಟಾರ್ಚು, ಟಾರ್ಚು ಹೋಗಿ ಫೋನು.
ಈಗಿನವರು ದಿಂಬಿನ ಕೆಳಗಿನ ಗುಂಯ್ ಸದ್ದಿಗೆ ಏಳುತ್ತಾರೆ,
ಹೆಂಡತಿ ಮಕ್ಕಳಿಗೆ ನಿದ್ದೆಗೇಡಿಲ್ಲ. ಒಳ್ಳೆಯದೇ.
ನನಗೆ ಮಾತ್ರ ಹನ್ನೊಂದೂ ನಲವತ್ತಕ್ಕೆ ಎಚ್ಚರ,
ಗಾಡಿಯ ಟೈಮು ಬದಲಾಗಿ ಎಷ್ಟೋ ವರ್ಷ.
ಯಾರನ್ನ ಎಬ್ಬಿಸೋಕೆ ಎದ್ರಿ? ಅನ್ನುತ್ತಾಳೆ ಶಾರದಮ್ಮ,
ಮಗ್ಗುಲು ಬದಲಿಸಿ.

ಹುಡುಗ ಎರಡು ಗಂಟೆ ಕೂತಿದ್ದ. ಬರೆದದ್ದು ಅರ್ಧ ಪುಟ.
ಏಳುವಾಗ ನೋಟ್‌ಬುಕ್ಕು ನನ್ನತ್ತ ಚಾಚಿ,
ನೀವು ಹೇಳಿದ್ದು ಅಂತ ಇಲ್ಲೊಂದು ಸೈನು ಹಾಕಿ ಅಂದ.
ಮೂವತ್ತಾರು ವರ್ಷ ಊರಿಗೆಲ್ಲ ಪುಸ್ತಕ ಚಾಚಿದವನು ನಾನು;
ನನ್ನ ಬಾಗಿಲಿಗೆ ಬಂದು ಕೇಳಿದವರಿರಲಿಲ್ಲ.
ನಿಧಾನವಾಗಿ ಬರೆದೆ: ಚನ್ನಿಂಗಯ್ಯ.
ಟೈಮೂ ಹಾಕಲಾ? ಅಂದೆ.
ಹುಡುಗನಿಗೆ ಅರ್ಥವಾಗಲಿಲ್ಲ.